ಕಟ್ಟುವ ಲೆಕ್ಕ, ನಡೆಸುವ ಲೆಕ್ಕ: ಕೆಆರ್‌ಎಸ್ ಮನರಂಜನಾ ಉದ್ಯಾನ ಯೋಜನೆಯ ವಿಮರ್ಶೆ

ಶ್ರೀರಂಗಪಟ್ಟಣ ತಾಲ್ಲೂಕಿನ ಕೃಷ್ಣರಾಜಸಾಗರ (ಕೆಆರ್‌ಎಸ್) ಅಣೆಕಟ್ಟೆಯ ಕೆಳಗಿರುವ ಬೃಂದಾವನ ಉದ್ಯಾನ ರೂಪುಗೊಂಡದ್ದು 1927 ಮತ್ತು 1932ರ ನಡುವೆ. ಅಣೆಕಟ್ಟೆಯ ಕೆಲಸ 1911ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಶುರುವಾಗಿತ್ತು. ತೋಟದ ಕಲ್ಪನೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರದು. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ, ಸುಮಾರು 60 ಎಕರೆಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರಿನ ಸುತ್ತ ಅದನ್ನು ಹರಡಲಾಯಿತು. ಶಿವನಸಮುದ್ರದ ವಿದ್ಯುತ್ತು ಮೈಸೂರು ಸಂಸ್ಥಾನದ ಕೈಯಲ್ಲೇ ಇದ್ದುದರಿಂದ ಸಂಜೆಯ ದೀಪಾಲಂಕಾರ ಸಾಧ್ಯವಾಯಿತು. ನೀರೂ ವಿದ್ಯುತ್ತೂ ಬೇರೆ ಕೆಲಸಕ್ಕೆಂದು ಸಿದ್ಧವಾಗಿದ್ದವು. ತೋಟ ಅವೆರಡರ ಬದಿಯಲ್ಲಿ ಕಡಿಮೆ ಖರ್ಚಿನಲ್ಲಿ ಬದುಕಿತು. ತೊಂಬತ್ತಕ್ಕೂ ಹೆಚ್ಚು ವರ್ಷ ಅದು ಜನರನ್ನು ಸೆಳೆಯುತ್ತಿರುವುದಕ್ಕೆ ಅದರ ಅಂದದಷ್ಟೇ ಈ ಮಿತವ್ಯಯವೂ ಕಾರಣ. ಮಾಲಿ, ಫಿಟ್ಟರ್, ವಿದ್ಯುತ್ ಕೆಲಸದವ, ಗೇಟಿನಲ್ಲಿ ಟಿಕೆಟ್ ಹರಿಯುವವ ಇಷ್ಟು ಜನರಿದ್ದರೆ ತೋಟ ನಡೆಯುತ್ತದೆ. ಕಾರಂಜಿ ಒಂದು ದಿನ ಕೆಟ್ಟರೆ ಯಾರ ಪ್ರಾಣಕ್ಕೂ ಕುತ್ತಿಲ್ಲ.

ಈ ತೋಟವನ್ನು ದೊಡ್ಡ ಮನರಂಜನಾ ಉದ್ಯಾನವಾಗಿಸುವ ಯೋಚನೆ ಸರ್ಕಾರದ ಮಟ್ಟದಲ್ಲಿ ಜೋರಾಗಿ ಕೇಳಿಬಂದದ್ದು 2018ರ ಕೊನೆಯಲ್ಲಿ. ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು, 125 ಅಡಿ ಎತ್ತರದ ಕಾವೇರಿ ಪ್ರತಿಮೆ, ಜಲಾಶಯವನ್ನು ಮೇಲಿಂದ ನೋಡುವ ಗೋಪುರಗಳು ಆಗಿನ ಸಮ್ಮಿಶ್ರ ಸರ್ಕಾರದ ಪ್ರಸ್ತಾವದಲ್ಲಿದ್ದವು. ಮಂಡ್ಯದ ರೈತ ಸಂಘಟನೆಗಳು ವಿರೋಧಿಸಿದವು. 2019ರ ಜುಲೈಯಲ್ಲಿ ಸರ್ಕಾರವೇ ಬಿದ್ದು ಯೋಜನೆ ಕಡತ ಸೇರಿತು. 2024ರಲ್ಲಿ ಅದು ಮತ್ತೆ ಹೊರಬಂತು: ಖಾಸಗಿ ಸಹಭಾಗಿತ್ವದಲ್ಲಿ ಬೃಂದಾವನವನ್ನು ವಿಶ್ವದರ್ಜೆಗೆ ಏರಿಸುವ, 2,663 ಕೋಟಿ ರೂಪಾಯಿಗೂ ಮೀರಿದ ಯೋಜನೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 2025ರಲ್ಲಿ ಇದರ ಜೊತೆಗೆ ಕಾವೇರಿ ಆರತಿಯ ಪ್ರಸ್ತಾವವೂ ಸೇರಿ ವಿರೋಧ ಇನ್ನಷ್ಟು ಗಟ್ಟಿಯಾಯಿತು. ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಪರ ಮತ್ತು ವಿರೋಧದ ವಾದಗಳಲ್ಲಿ ಅಣೆಕಟ್ಟೆಯ ಭದ್ರತೆ, ಉದ್ಯೋಗ, ಭೂಮಿ, ನಂಬಿಕೆ ಎಲ್ಲವೂ ಬಂದಿವೆ. ಬಾರದಿರುವುದು ಒಂದೇ ಪ್ರಶ್ನೆ: ಉದ್ಘಾಟನೆಯ ಮರುದಿನದಿಂದ ಇದನ್ನು ನಡೆಸುವವರು ಯಾರು, ಹೇಗೆ, ಯಾರ ಖರ್ಚಿನಲ್ಲಿ? ತೋಟದಲ್ಲಿ ಈ ಪ್ರಶ್ನೆಯನ್ನು ಸ್ವಲ್ಪ ಕಾಲ ಮುಂದೂಡಬಹುದು. ರೈಡುಗಳಿರುವ ಪಾರ್ಕಿನಲ್ಲಿ ಒಂದು ದಿನವೂ ಮುಂದೂಡಲಾಗದು.

ರೈಡ್ ಎಂದರೆ ಜನರನ್ನು ಹೊತ್ತು ಬೇಕೆಂದೇ ಭಯದ ಅಂಚಿಗೆ ಒಯ್ಯುವ ಯಂತ್ರ. ಭಯ ನಿಜವೆನಿಸಬೇಕು, ಅಪಾಯ ಮಾತ್ರ ಇರಕೂಡದು. ಇವೆರಡರ ನಡುವಿನ ಅಂತರವನ್ನು ಕಾಯುವುದೇ ನಿರ್ವಹಣೆ. ಒಳ್ಳೆಯ ಪಾರ್ಕಿನಲ್ಲಿ ಬೆಳಗಿನ ಕೆಲಸ ಗೇಟು ತೆರೆಯುವ ಗಂಟೆಗಟ್ಟಲೆ ಮುಂಚೆ ಶುರುವಾಗುತ್ತದೆ. ತಂತ್ರಜ್ಞರು ಹಳಿಯುದ್ದಕ್ಕೂ ನಡೆದು ಬೋಲ್ಟುಗಳನ್ನು ನೋಡುತ್ತಾರೆ. ಬೋಲ್ಟಿನ ತಲೆಯ ಮೇಲೆ ಬಣ್ಣದ ಗೆರೆ ಎಳೆದಿರುತ್ತಾರೆ. ಗೆರೆ ಜರುಗಿದ್ದರೆ ಬೋಲ್ಟು ಸಡಿಲವಾಗಿದೆ ಎಂದರ್ಥ. ಬೇರಿಂಗಿನ ಸದ್ದು ಕೇಳುತ್ತಾರೆ, ಗ್ರೀಸಿನಲ್ಲಿ ಲೋಹದ ಪುಡಿ ಇದೆಯೇ ಎಂದು ಬೆರಳಲ್ಲಿ ತಿಕ್ಕಿ ನೋಡುತ್ತಾರೆ, ಪ್ರತಿ ಸೀಟಿನ ಸೊಂಟದ ಸರಳನ್ನೂ ಎಳೆದು ಪರೀಕ್ಷಿಸುತ್ತಾರೆ. ಆಮೇಲೆ ರೈಡು ಖಾಲಿಯಾಗಿ, ಮತ್ತೆ ಮರಳಿನ ಚೀಲಗಳ ಭಾರ ಹೊತ್ತು ಓಡಬೇಕು. ಇಷ್ಟಾದ ಮೇಲೆ ಲಾಗ್‌ಬುಕ್ಕಿನಲ್ಲಿ ಸಹಿ ಬೀಳುತ್ತದೆ. ಸಹಿ ಮಾಡಿದವನಿಗೆ ರೈಡನ್ನು ಆ ದಿನ ನಿಲ್ಲಿಸುವ ಅಧಿಕಾರವೂ ಇರಬೇಕು. ಕಾಗದದ ಮೇಲೆ ಈ ಅಧಿಕಾರ ಎಲ್ಲ ಪಾರ್ಕುಗಳಲ್ಲೂ ಇದೆ. ಭಾನುವಾರ ಮಧ್ಯಾಹ್ನ, ಸಾಲು ಗೇಟಿನವರೆಗೆ ಬೆಳೆದಿರುವಾಗ ಅದನ್ನು ಚಲಾಯಿಸಿದವನನ್ನು ಮ್ಯಾನೇಜರು ಬೆಂಬಲಿಸುತ್ತಾನೆಯೇ ಎಂಬುದರಲ್ಲಿ ಪಾರ್ಕಿನ ಗುಣಮಟ್ಟ ಗೊತ್ತಾಗುತ್ತದೆ.

ಕಣ್ಣಿಗೆ ಕಾಣುವ ಸಡಿಲ ಬೋಲ್ಟಿಗಿಂತ ಕಾಣದ ದಣಿವು ಹೆಚ್ಚು ಅಪಾಯಕಾರಿ. ತೂಗಾಡುವ ರೈಡೊಂದು ದಿನಕ್ಕೆ ನೂರು ಸುತ್ತು ನಡೆದು, ಪ್ರತಿ ಸುತ್ತಿನಲ್ಲಿ ಇಪ್ಪತ್ತು ಸಲ ಆ ಕಡೆಯಿಂದ ಈ ಕಡೆಗೆ ತೂಗಿತು ಎಂದಿಟ್ಟುಕೊಂಡರೆ, ಅದರ ತೋಳಿನ ಬೆಸುಗೆ ವರ್ಷಕ್ಕೆ ಏಳು ಲಕ್ಷ ಸಲ ಎಳೆತಕ್ಕೆ ಸಿಕ್ಕುತ್ತದೆ. ಯಾವ ಒಂದು ಎಳೆತವೂ ಲೋಹವನ್ನು ಮುರಿಯುವಷ್ಟು ದೊಡ್ಡದಲ್ಲ. ಆದರೆ ಕೂದಲೆಳೆಯಷ್ಟು ಬಿರುಕು ಒಮ್ಮೆ ಹುಟ್ಟಿದರೆ ಪ್ರತಿ ಎಳೆತವೂ ಅದನ್ನು ಚೂರು ಚೂರೇ ಬೆಳೆಸುತ್ತದೆ. ಮೇಲೆ ಹೊಸ ಬಣ್ಣ ಬಳಿದಿದ್ದರೆ ಹೊರಗೆ ತಿಳಿಯುವುದೂ ಇಲ್ಲ. ಅದನ್ನು ಹಿಡಿಯಲು ಬಣ್ಣ ತೆಗೆದು ವಿಶೇಷ ದ್ರವ ಸವರಿ ನೋಡಬೇಕು, ಇಲ್ಲವೆ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಬೇಕು. ಅಹಮದಾಬಾದಿನ ಕಾಂಕರಿಯಾ ಕೆರೆಯ ಪಕ್ಕದ ಬಾಲವಾಟಿಕಾದಲ್ಲಿ 2019ರ ಜುಲೈ 14ರಂದು ಇಂಥದೇ ತೂಗುವ ರೈಡು ಮುರಿದು ಬಿದ್ದು ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಅದೂ ಕೆರೆಯ ದಡ. ಅದೂ ಸರ್ಕಾರಿ ಜಾಗದಲ್ಲಿ ಗುತ್ತಿಗೆಯವರು ನಡೆಸುತ್ತಿದ್ದ ರೈಡು. ಕೆಆರ್‌ಎಸ್ ಯೋಜನೆಯ ಕರಡು ಬರೆಯುವವರ ಮೇಜಿನ ಮೇಲೆ ಮೊದಲು ಇರಬೇಕಾದದ್ದು ಡಿಸ್ನಿಯ ಚಿತ್ರಗಳಲ್ಲ, ಆ ಅಪಘಾತದ ಕಾಗದಪತ್ರ.

ರೋಲರ್ ಕೋಸ್ಟರಿನಲ್ಲಿ ರಕ್ಷಣೆಯ ತತ್ವ ರೈಲ್ವೆಯದೇ. ಹಳಿಯನ್ನು ತುಂಡುಗಳಾಗಿ ವಿಂಗಡಿಸಿ, ಒಂದು ತುಂಡಿನಲ್ಲಿ ಒಂದೇ ಗಾಡಿ ಇರುವಂತೆ ಬ್ರೇಕುಗಳು ತಾವಾಗಿ ಕಾಯುತ್ತವೆ. ಗಾಡಿ ಏರುವಾಗ ಕೇಳುವ ಕಟಕಟ ಸದ್ದು, ಸರಪಳಿ ತುಂಡಾದರೂ ಗಾಡಿ ಹಿಂದಕ್ಕೆ ಜಾರದಂತೆ ಹಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತ ಹೋಗುವ ಕೊಂಡಿಯದು. ನೀರಿನ ಪಾರ್ಕಿನಲ್ಲಿ ಯಂತ್ರಕ್ಕಿಂತ ಮನುಷ್ಯನ ಕಣ್ಣೇ ಮುಖ್ಯ: ಜಾರುಬಂಡೆಯ ಮೇಲ್ತುದಿಯಲ್ಲಿ ಒಬ್ಬ, ಕೆಳಗಿನ ಕೊಳದಲ್ಲಿ ಇನ್ನೊಬ್ಬ, ಕೆಳಗಿನವನ ಸನ್ನೆ ಬಾರದೆ ಮೇಲಿನವನು ಯಾರನ್ನೂ ಬಿಡಕೂಡದು. ನೀರಿನ ಕ್ಲೋರಿನ್ ಮಟ್ಟವನ್ನು ದಿನಕ್ಕೆ ಹಲವು ಸಲ ಅಳೆಯಬೇಕು.

ಇಷ್ಟೆಲ್ಲಕ್ಕೂ ಕಾನೂನಿನ ಬೆನ್ನು ಗಟ್ಟಿಯಾಗಿಲ್ಲ. ಮನರಂಜನಾ ರೈಡುಗಳ ವಿನ್ಯಾಸ ಮತ್ತು ನಿರ್ವಹಣೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 15475 ಎಂಬ ಮಾಲಿಕೆ ಇದೆ. ಅಂತರರಾಷ್ಟ್ರೀಯವಾಗಿ ಐಎಸ್‌ಒ 17842 ಇದೆ. ಇವು ಮಾನಕಗಳು, ಕಾಯ್ದೆಗಳಲ್ಲ. ರೈಡುಗಳಿಗೆಂದೇ ಕೇಂದ್ರದ ಕಾಯ್ದೆಯಾಗಲಿ, ಅವುಗಳನ್ನಷ್ಟೇ ಪರೀಕ್ಷಿಸುವ ರಾಷ್ಟ್ರೀಯ ಸಂಸ್ಥೆಯಾಗಲಿ ಇಲ್ಲ. ಅನುಮತಿ ಸ್ಥಳೀಯ ಸಂಸ್ಥೆ, ಪೊಲೀಸ್, ಅಗ್ನಿಶಾಮಕ, ವಿದ್ಯುತ್ ಪರಿವೀಕ್ಷಣಾಲಯ ಎಂದು ಹಲವು ಕಿಟಕಿಗಳಲ್ಲಿ ಹಂಚಿಹೋಗುತ್ತದೆ. ಕರ್ನಾಟಕದಲ್ಲಿ ಅಪಾರ್ಟ್‌ಮೆಂಟಿನ ಲಿಫ್ಟಿಗೂ ಮಾಲಿನ ಎಸ್ಕಲೇಟರಿಗೂ 2012ರ ಒಂದು ಪ್ರತ್ಯೇಕ ಕಾಯ್ದೆ ಇದೆ. ಜನರನ್ನು ತಲೆಕೆಳಗಾಗಿ ತಿರುಗಿಸುವ ಯಂತ್ರಕ್ಕೆ ಅಂಥದ್ದಿಲ್ಲ. ಜಾತ್ರೆಗಳಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಊರಿಂದೂರಿಗೆ ಲಾರಿಯಲ್ಲಿ ಸಾಗುವ ಜೈಂಟ್ ವೀಲು, ಕೊಲಂಬಸ್ಸು, ಬ್ರೇಕ್ ಡ್ಯಾನ್ಸುಗಳನ್ನು ಪ್ರತಿ ಸಲ ಬಿಚ್ಚಿ ಕಟ್ಟುತ್ತಾರೆ. ಕೆಳಗೆ ಹಲಗೆ ಕೊಟ್ಟು ನೆಲ ಸಮ ಮಾಡುತ್ತಾರೆ. ಕಟ್ಟುವವರ ಕೈಚಳಕ ಅಸಾಧಾರಣವಾದದ್ದೇ. ಆದರೆ ಅದನ್ನು ಪರೀಕ್ಷಿಸಿ ಸಹಿ ಹಾಕುವ, ಅದೇ ವಿದ್ಯೆ ಕಲಿತ ಅಧಿಕಾರಿ ತಾಲ್ಲೂಕು ಮಟ್ಟದಲ್ಲಿ ಸಿಗುವುದಿಲ್ಲ.

ಹಾಗೆಂದು ರಾಜ್ಯದಲ್ಲಿ ಚೆನ್ನಾಗಿ ನಡೆಯುವ ಪಾರ್ಕೇ ಇಲ್ಲ ಎನ್ನಲಾಗದು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಕಟ್ಟಿದ ಸಂಸ್ಥೆ 2005ರಲ್ಲಿ ಬಿಡದಿಯಲ್ಲಿ ವಂಡರ್‌ಲಾ ತೆರೆಯಿತು. ಹಲವು ರೈಡುಗಳನ್ನು ಅದು ತನ್ನದೇ ಕಾರ್ಖಾನೆಯಲ್ಲಿ ತಯಾರಿಸುತ್ತದೆ. ಬಿಡಿಭಾಗ ಕೆಟ್ಟಾಗ ಹೊರದೇಶದ ಹಡಗು ಕಾಯಬೇಕಾಗಿಲ್ಲ. ಬೆಂಗಳೂರಿನ ಜನಸಂಖ್ಯೆ ಕೈಯಳತೆಯಲ್ಲಿದೆ, ನವೆಂಬರಿನಿಂದ ಜನವರಿಯವರೆಗೆ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ, ಏಪ್ರಿಲ್ ಮೇ ರಜೆ ಇದೆ. ಇಷ್ಟು ಅನುಕೂಲವಿದ್ದೂ 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಗೇಟು ಮುಚ್ಚಿದಾಗ ಆದಾಯ ನಿಂತುಹೋಯಿತು; ರೈಡುಗಳ ಆರೈಕೆ ನಿಲ್ಲಿಸುವಂತಿರಲಿಲ್ಲ. ಪಾರ್ಕಿನ ವ್ಯವಹಾರದ ಸ್ವಭಾವವೇ ಹೀಗೆ: ಜನ ಬಂದರೂ ಬಾರದಿದ್ದರೂ ಖರ್ಚಿನ ದೊಡ್ಡ ಪಾಲು ಬದಲಾಗದು. ಮೈಸೂರಿನಿಂದ ಕೆಆರ್‌ಎಸ್‌ಗೆ ಹೋಗುವ ರಸ್ತೆಯ ಮೇಟಗಳ್ಳಿಯಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಆಗಲೇ ಇದೆ. ಅದೇ ರಸ್ತೆಯ ತುದಿಯಲ್ಲಿ ಸಾವಿರಾರು ಕೋಟಿಯ ಇನ್ನೊಂದು ಬಂದರೆ ಎರಡಕ್ಕೂ ಸಾಲುವಷ್ಟು ಜನ ಮಂಗಳವಾರ ಬುಧವಾರಗಳಂದು ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ಯೋಜನೆಯ ಹೊಗಳಿಕೆಯಲ್ಲಿ ಉತ್ತರ ಸಿಗುವುದಿಲ್ಲ.

ಅಣೆಕಟ್ಟೆಯ ಪ್ರಶ್ನೆಗೆ ಬಂದರೆ ರೈತರ ಆತಂಕವನ್ನು ಹಳ್ಳಿಯ ಅಂಜಿಕೆ ಎಂದು ತಳ್ಳಿಹಾಕುವಂತಿಲ್ಲ. 124.8 ಅಡಿ ಮಟ್ಟದಲ್ಲಿ 49 ಟಿಎಂಸಿಗೂ ಹೆಚ್ಚು ನೀರು ತಡೆದು ನಿಂತಿರುವ ಈ ಕಟ್ಟಡ ಸಿಮೆಂಟಿನದಲ್ಲ, ಸುರ್ಕಿ ಗಾರೆಯದು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ ಕಲ್ಲು ಗಣಿಯ ಸ್ಫೋಟಗಳಿಂದ ಅಣೆಕಟ್ಟೆಗೆ ಪೆಟ್ಟು ಬೀಳುತ್ತದೆಯೇ ಎಂಬ ವಿವಾದ ವರ್ಷಗಟ್ಟಲೆ ನಡೆಯಿತು. 2024ರ ಜನವರಿಯಲ್ಲಿ ಹೈಕೋರ್ಟು, 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಅಧ್ಯಯನ ಮುಗಿಯುವ ತನಕ ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಷೇಧಿಸಿತು. ರೈಡಿನ ಅಲುಗಾಟಕ್ಕೂ ಬಂಡೆ ಸಿಡಿಸುವುದಕ್ಕೂ ಹೋಲಿಕೆಯಿಲ್ಲ; ವಿರೋಧದ ಭಾಷಣಗಳಲ್ಲಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ವಾದವನ್ನು ದುರ್ಬಲಗೊಳಿಸಿತು. ನಿಜವಾದ ತೊಡಕು ಜನಸಂದಣಿಯದು. ಕೈಗಾರಿಕಾ ಭದ್ರತಾ ಪಡೆ ಕಾಯುತ್ತಿರುವ, ಮೇಲ್ಭಾಗದ ಓಡಾಟ ಸಾರ್ವಜನಿಕರಿಗೆ ಬಂದಾಗಿರುವ ಒಂದು ಅಣೆಕಟ್ಟೆಯ ಬುಡಕ್ಕೇ ದಿನವಿಡೀ ಸಾವಿರಾರು ಜನರನ್ನು ಕರೆತರುವುದು, ಪ್ರವಾಹದ ಹೊತ್ತಿನಲ್ಲಿ ಅವರನ್ನು ತೆರವು ಮಾಡಿಸುವುದು, ಅವರ ವಾಹನ ನಿಲ್ಲಿಸುವುದು. ಭಾರಿ ಮಳೆಯ ವರ್ಷಗಳಲ್ಲಿ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ಶ್ರೀರಂಗಪಟ್ಟಣದ ಸುತ್ತಲಿನ ನದಿ ದಡದ ತಾಣಗಳೆಲ್ಲ ಮುಚ್ಚುತ್ತವೆ. 2022ರ ನವೆಂಬರಿನಲ್ಲಿ ಒಂದು ಚಿರತೆ ಓಡಾಡಿದ್ದಕ್ಕೇ ಬೃಂದಾವನ ವಾರಗಟ್ಟಲೆ ಬಾಗಿಲು ಹಾಕಿತ್ತು. ಇನ್ನು ಕಾವೇರಿ ನೀರಿನ ಗಲಾಟೆ: 2016 ಮತ್ತು 2023ರ ಸೆಪ್ಟೆಂಬರುಗಳಲ್ಲಿ ಬಂದ್, ರಸ್ತೆ ತಡೆಗಳಿಂದ ಮಂಡ್ಯ ಜಿಲ್ಲೆಯ ಪ್ರವಾಸೋದ್ಯಮ ದಸರೆಯ ಮುಂಚಿನ ಹದವಾದ ಕಾಲವನ್ನೇ ಕಳೆದುಕೊಂಡಿತು. ವರ್ಷದಲ್ಲಿ ಇಷ್ಟು ದಿನ ಮುಚ್ಚಬೇಕಾಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಹಾಕಿದ ಲೆಕ್ಕ ಮಾತ್ರ ಈ ಜಾಗಕ್ಕೆ ಸರಿಹೊಂದುವ ಲೆಕ್ಕ.

ರೆಸಾರ್ಟುಗಳ ಸಂಕಟ ಈ ಲೆಕ್ಕದ ಇನ್ನೊಂದು ಮುಖ. ಶ್ರೀರಂಗಪಟ್ಟಣದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ರಿವರ್ ವ್ಯೂ ಸೇರಿದಂತೆ ನದಿಗೆ ಮುಖ ಮಾಡಿದ ವಸತಿಗಳು ಮೊದಲಿನಿಂದ ಇವೆ. ಕೆಆರ್‌ಎಸ್ ಹಿನ್ನೀರಿನ ಕಡೆಗೂ, ನದಿ ದಡದಲ್ಲೂ ಸಣ್ಣ ದೊಡ್ಡ ರೆಸಾರ್ಟು, ಹೋಂಸ್ಟೇಗಳು ಎದ್ದಿವೆ. ಇವುಗಳಿಗೆ ಹಳೆಯ ತೊಂದರೆ ಮೈಸೂರು ಸುಮಾರು ಹದಿನೈದೇ ಕಿಲೋಮೀಟರ್ ದೂರದಲ್ಲಿರುವುದು. ಕೋಟೆ, ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್, ನಿಮಿಷಾಂಬ ಎಲ್ಲವನ್ನೂ ಹಗಲಿನಲ್ಲಿ ನೋಡಿ, ಸಂಜೆ ಬೃಂದಾವನದ ದೀಪ ನೋಡಿ, ರಾತ್ರಿ ಮೈಸೂರಿನ ಹೋಟೆಲಿಗೆ ಹೋಗುವುದು ಪ್ರವಾಸಿಗರ ಬಹುಕಾಲದ ರೂಢಿ. ಹೊಸ ತೊಂದರೆ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಬಿಡದಿ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಆಯಿತು. ಚನ್ನಪಟ್ಟಣದ ಗೊಂಬೆ ಅಂಗಡಿ, ಮದ್ದೂರಿನ ವಡೆ ಹೋಟೆಲುಗಳ ನಷ್ಟ ಸುದ್ದಿಯಾಯಿತು. ರೆಸಾರ್ಟುಗಳದು ಅಷ್ಟಾಗಿ ಆಗಲಿಲ್ಲ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವುದು ಸಾಧ್ಯವಾದ ಮೇಲೆ ತಂಗುವ ಕಾರಣವೇ ಕರಗುತ್ತದೆ.

ದೊಡ್ಡ ಪಾರ್ಕು ಬಂದರೆ ತಂಗುವವರು ಹೆಚ್ಚುತ್ತಾರೆ ಎಂಬ ನಂಬಿಕೆಗೆ ಪ್ಯಾರಿಸ್ ಬಳಿಯ ಯೂರೋ ಡಿಸ್ನಿಯ ಇತಿಹಾಸ ಎಚ್ಚರಿಕೆ. 1992ರ ಏಪ್ರಿಲ್ 12ರಂದು ಅದು ಸುಮಾರು 5,200 ಕೋಣೆಗಳ ಹೋಟೆಲುಗಳೊಂದಿಗೆ ತೆರೆಯಿತು. ಜನ ಬಂದರು, ಆದರೆ ಬೆಳಿಗ್ಗೆ ಬಂದು ಸಂಜೆ ಪ್ಯಾರಿಸಿಗೆ ಮರಳಿದರು. ಮೊದಲ ಚಳಿಗಾಲದಲ್ಲೇ ಒಂದು ಹೋಟೆಲನ್ನು ಮುಚ್ಚಿಡಬೇಕಾಯಿತು. 1994ರಲ್ಲಿ ಸಾಲವನ್ನೆಲ್ಲ ಹೊಸದಾಗಿ ಹೊಂದಿಸಿಕೊಂಡ ಮೇಲೆಯೇ ಸಂಸ್ಥೆ ಉಸಿರಾಡಿತು. ಡಿಸ್ನಿಯ ಅನುಭವ, ಡಿಸ್ನಿಯ ಹಣ ಎರಡೂ ಇದ್ದ ಕಡೆ ಹೀಗಾಯಿತು. ದೊಡ್ಡ ನಗರದ ಮಗ್ಗುಲಲ್ಲಿ, ವೇಗದ ಸಾರಿಗೆಯ ತುದಿಯಲ್ಲಿ ಇರುವ ಪಾರ್ಕು ಟಿಕೆಟ್ ಮಾರಬಹುದು. ಹಾಸಿಗೆ ಮಾರುವುದು ಬೇರೆ ವಿದ್ಯೆ.

ಕೋಣೆ ತುಂಬದಾಗ ರೆಸಾರ್ಟುಗಳು ಹಿಡಿದ ದಾರಿ 'ಡೇ ಔಟ್' ಪ್ಯಾಕೇಜು: ಊಟ, ಈಜುಕೊಳ, ರೈನ್ ಡ್ಯಾನ್ಸು, ಜಿಪ್‌ಲೈನು, ಹಗ್ಗದ ಸೇತುವೆ. ರಾಜ್ಯದುದ್ದಕ್ಕೂ ಇದೇ ಕಥೆ. ರೈಡ್ ಸುರಕ್ಷತೆಯ ಪ್ರಶ್ನೆ ದೊಡ್ಡ ಪಾರ್ಕಿನಿಂದ ಸಣ್ಣ ರೆಸಾರ್ಟಿನ ಹಿತ್ತಲಿಗೆ ಜಾರುವುದು ಇಲ್ಲಿ. ದೊಡ್ಡ ಪಾರ್ಕಿಗೆ ಎಂಜಿನಿಯರುಗಳಿದ್ದಾರೆ, ವಿಮೆಯವರ ಕಣ್ಣಿದೆ. ಎಂಟು ಹತ್ತು ಕೋಣೆಯ ರೆಸಾರ್ಟಿನಲ್ಲಿ ಜಿಪ್‌ಲೈನನ್ನು ಹೊರಗಿನ ಗುತ್ತಿಗೆದಾರ ಕಟ್ಟಿಕೊಟ್ಟು ಹೋಗುತ್ತಾನೆ. ಹಗ್ಗ, ಕೊಕ್ಕೆ, ಬೆಲ್ಟುಗಳನ್ನು ಯಾವಾಗ ಬದಲಿಸಬೇಕೆಂಬ ವಿದ್ಯೆ ಅವನ ಜೊತೆಗೇ ಹೋಗುತ್ತದೆ. ಅಡುಗೆಮನೆಯಲ್ಲಿದ್ದ ಹುಡುಗನೇ ಮಧ್ಯಾಹ್ನ ಬೆಲ್ಟು ಕಟ್ಟುವವನಾದರೆ ಆಶ್ಚರ್ಯವಿಲ್ಲ. 2024ರ ಮೇ ತಿಂಗಳಲ್ಲಿ ಹಾರೋಹಳ್ಳಿ ಬಳಿಯ ಒಂದು ರೆಸಾರ್ಟಿನಲ್ಲಿ ಜಿಪ್‌ಲೈನಿನ ಕೇಬಲ್ ತುಂಡಾಗಿ ಬೆಂಗಳೂರಿನ ಮಹಿಳೆಯೊಬ್ಬರು ಸತ್ತರು. ಅದೇ ವರ್ಷ ನವೆಂಬರಿನಲ್ಲಿ ಉಳ್ಳಾಲದ ಸೋಮೇಶ್ವರ ಬಳಿಯ ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿದರು. ಒಂದರಲ್ಲಿ ಯಂತ್ರ ಕೈಕೊಟ್ಟಿತು. ಇನ್ನೊಂದಕ್ಕೆ ಯಂತ್ರವೇ ಬೇಕಿರಲಿಲ್ಲ. ಆಳ ಬರೆದ ಫಲಕ, ಕೊಳದ ಬದಿಯಲ್ಲಿ ಈಜು ಬಲ್ಲ ಒಬ್ಬ ಕಾವಲಿನವ ಇಂಥ ಸಾವುಗಳನ್ನು ತಡೆಯುವ ಉಪಾಯಗಳು, ತಿಂಗಳ ಖರ್ಚಿನಲ್ಲಿ ಅವು ಲೆಕ್ಕಕ್ಕೇ ಬಾರದಷ್ಟು ಸಣ್ಣವು. ವ್ಯವಹಾರ ಕುಗ್ಗಿದಾಗ ಮಾಲೀಕನ ಕತ್ತರಿ ಮೊದಲು ಬೀಳುವುದೂ ಇಂಥ ಖರ್ಚಿನ ಮೇಲೆಯೇ. ನಷ್ಟದಲ್ಲಿರುವ ರೆಸಾರ್ಟು ಮತ್ತು ಅಪಾಯಕಾರಿ ರೆಸಾರ್ಟು ಬೇರೆ ಬೇರೆ ಸಮಸ್ಯೆಗಳಲ್ಲ.

ಜಿಲ್ಲೆಯ ಉಳಿದ ತಾಣಗಳಲ್ಲಿ ಬಹುಮಟ್ಟಿಗೆ ಟಿಕೆಟ್ಟೂ ಇಲ್ಲ, ಕಾವಲೂ ಇಲ್ಲ. ಪಾಂಡವಪುರದ ಕುಂತಿ ಬೆಟ್ಟಕ್ಕೆ ಬೆಂಗಳೂರಿನ ಚಾರಣ ತಂಡಗಳು ರಾತ್ರೋರಾತ್ರಿ ಬಂದು ಬೆಳಗಾಗುವ ಮುಂಚೆ ಹತ್ತುತ್ತವೆ. ತೊಣ್ಣೂರು ಕೆರೆಯ ತಿಳಿನೀರು ಈಜು ಬಾರದವರನ್ನೂ ಕರೆಯುತ್ತದೆ. ಬಲಮುರಿಯಲ್ಲಿ ಅಣೆಯ ಮೇಲೆ ತೆಳ್ಳಗೆ ಹರಿಯುವ ನೀರಿನಲ್ಲಿ ಆಡಲು ಇಳಿದವರು ಅಣೆಯ ಕೆಳಗಿನ ಮಡುವನ್ನು ಅಂದಾಜಿಸುವುದಿಲ್ಲ. ಕೆ.ಆರ್. ಪೇಟೆಯ ಹೇಮಗಿರಿಯಲ್ಲೂ ಹೊಳೆಯ ಸ್ವಭಾವ ಇದೇ. ನಾಗಮಂಗಲದ ಕಂಬದಹಳ್ಳಿ, ಪಾಂಡವಪುರದ ಮೇಲುಕೋಟೆಗಳಿಗೆ ರೈಡಿನ ಅಗತ್ಯವೇ ಇಲ್ಲ. ಶುಚಿಯಾದ ಶೌಚಾಲಯ ಮತ್ತು ರಾತ್ರಿ ತಂಗಲು ನಾಲ್ಕು ಒಳ್ಳೆಯ ಕೋಣೆ ಸಿಕ್ಕರೆ ಪ್ರವಾಸಿಗ ಒಂದು ದಿನ ಹೆಚ್ಚು ಉಳಿದಾನು. ಸಾವಿರಾರು ಕೋಟಿಯನ್ನು ಒಂದೇ ಜಾಗದಲ್ಲಿ ಸುರಿಯುವ ಯೋಜನೆಯ ದೊಡ್ಡ ದೌರ್ಬಲ್ಯವೆಂದರೆ ಕೆಆರ್‌ಎಸ್‌ನಿಂದ ಆಚೆಗಿರುವ ಇಷ್ಟೆಲ್ಲವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು.

ನಡೆಸುವ ವಿದ್ಯೆಗೆ ಮಾದರಿ ಹುಡುಕಲು ದೂರ ಹೋಗಬೇಕಾಗಿಲ್ಲ. ಕೆಆರ್‌ಎಸ್‌ನಿಂದ ಕೆಲವೇ ಕಿಲೋಮೀಟರ್ ಕೆಳಗೆ, 1940ರಲ್ಲಿ ಸಲೀಂ ಅಲಿಯವರ ಸಲಹೆಯ ಮೇರೆಗೆ ಪಕ್ಷಿಧಾಮವಾದ, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ರಂಗನತಿಟ್ಟು ಇದೆ. ಅಲ್ಲಿನ ಆಕರ್ಷಣೆಯೂ ಒಂದರ್ಥದಲ್ಲಿ ರೈಡೇ: ಮೊಸಳೆಗಳಿರುವ ಹೊಳೆಯಲ್ಲಿ ದೋಣಿ ವಿಹಾರ. ಅರಣ್ಯ ಇಲಾಖೆಯ ನುರಿತ ಅಂಬಿಗರು ಹುಟ್ಟು ಹಾಕುತ್ತಾರೆ, ದೋಣಿಗೆ ಮಿತವಾದ ಜನ, ಮೈಮೇಲೆ ಲೈಫ್ ಜಾಕೆಟ್. ಕೆಆರ್‌ಎಸ್‌ನಿಂದ ಬಿಡುವ ನೀರು ಏರಿತೆಂದರೆ ದೋಣಿಗಳನ್ನು ದಡಕ್ಕೆ ಕಟ್ಟುತ್ತಾರೆ. ಬಂದವರು ಬೇಸರಪಟ್ಟರೂ ಸರಿ, ಆದಾಯ ಹೋದರೂ ಸರಿ. ವಡೋದರಾದ ಹರ್ಣಿ ಕೆರೆಯಲ್ಲಿ 2024ರ ಜನವರಿ 18ರಂದು ಮಿತಿಮೀರಿ ತುಂಬಿದ ದೋಣಿ ಮಗುಚಿ ಹನ್ನೆರಡು ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತಾಗ, ಬಹುಪಾಲು ಮಕ್ಕಳ ಮೈಮೇಲೆ ಜಾಕೆಟ್ ಇರಲಿಲ್ಲ. ಅಲ್ಲಿಯೂ ಕೆರೆ ಪಾಲಿಕೆಯದು, ನಡೆಸುವವರು ಖಾಸಗಿಯವರು.

ರಂಗನತಿಟ್ಟಿನಲ್ಲಿ ನಿಲ್ಲಿಸುವ ನಿರ್ಧಾರ ಸುಲಭವಾಗುವುದು ಇಲಾಖೆಯ ಅಂಬಿಗನ ಸಂಬಳ ಆ ದಿನದ ಟಿಕೆಟ್ಟಿನ ಮೇಲೆ ನಿಂತಿಲ್ಲದ ಕಾರಣ. ಖಾಸಗಿ ಸಹಭಾಗಿತ್ವದ ಪಾರ್ಕಿನಲ್ಲಿ ಹಾಗಿರುವುದಿಲ್ಲ. ಮುಚ್ಚಿದ ಪ್ರತಿ ದಿನವೂ ಗುತ್ತಿಗೆದಾರನ ಜೇಬಿನಿಂದ ಹೋಗುತ್ತದೆ, ಅವನ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಕೆಆರ್‌ಎಸ್ ಒಪ್ಪಂದದಲ್ಲಿ ಮೊದಲು ಓದಬೇಕಾದ ಷರತ್ತು ಪ್ರತಿಮೆಯ ಎತ್ತರದ್ದಲ್ಲ. ಪ್ರವಾಹ, ಬಂದ್, ಗಾಳಿ ಅಥವಾ ಒಂದು ಬಿರುಕಿನ ಸಂಶಯಕ್ಕೆ ರೈಡು ನಿಲ್ಲಿಸಿದ ದಿನದ ನಷ್ಟವನ್ನು ಸರ್ಕಾರ ಎಷ್ಟು, ಗುತ್ತಿಗೆದಾರ ಎಷ್ಟು ಹೊರುತ್ತಾರೆ, ಮತ್ತು ನಿಲ್ಲಿಸು ಎಂದು ಹೇಳುವ ತಂತ್ರಜ್ಞನಿಗೆ ಸಂಬಳ ಕೊಡುವವರು ಆ ಇಬ್ಬರಲ್ಲಿ ಯಾರು ಎಂಬುದು.